ಅವ್ವನಿಗೆ ಜರ್ಮನಿ ವೀಸಾ ಸಿಗಲಿಲ್ಲ, ಬಾಣಂತನಕ್ಕೆ ಹೋಗಬೇಕು. ಮತ್ತೆ ಅರ್ಜಿ ಹಾಕೋದು ಹೇಗೆ?

ಭತ್ತದ ಗದ್ದೆ (ಗಂಗಾವತಿ), ಜನವರಿ 6

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ.

ತಂಗಿ ಮತ್ತು ಅವಳ ಗಂಡ ಜರ್ಮನಿಯಲ್ಲಿ ಕೆಲಸದಲ್ಲಿದ್ದಾರೆ. ತಂಗಿಗೆ ಈಗ ಆರನೇ ತಿಂಗಳು. ಏಪ್ರಿಲ್ ಕೊನೆಯ ವಾರ ಹೆರಿಗೆ ಅಂತ ಡಾಕ್ಟರ್ ಹೇಳಿದ್ದಾರೆ. ಚೊಚ್ಚಲ ಹೆರಿಗೆ. ಅವ್ವನೇ ಬಂದು ಬಾಣಂತನ ಮಾಡಬೇಕು ಅಂತ ಅವಳ ಆಸೆ. ಅವ್ವನ ಆಸೆಯೂ ಅದೇ. ಅವ್ವನಿಗೆ 58 ವರ್ಷ, ನಾಲ್ಕನೇ ಕ್ಲಾಸ್ ಓದಿದ್ದಾರೆ. ಅಪ್ಪ ಇಲ್ಲ. ಆರು ಎಕರೆ ಗದ್ದೆ ಅವ್ವನ ಹೆಸರಲ್ಲಿದೆ, ನಾವಿಬ್ಬರೂ ಸೇರಿ ನೋಡಿಕೊಳ್ತೀವಿ.

ನವೆಂಬರ್‌ನಲ್ಲಿ ಒಬ್ಬ ಏಜೆಂಟ್ ಕೈಗೆ ಕೊಟ್ಟೆವು. "ಬಾಣಂತನ ಅಂತ ಬರೆದರೆ ಕೊಡಲ್ಲ, ಟೂರಿಸ್ಟ್ ಅಂತ ಹಾಕೋಣ" ಅಂದ. ಹತ್ತು ದಿನದ ಹೋಟೆಲ್ ಬುಕಿಂಗ್ ತೋರಿಸಿದ. ಅವ್ವನ ಖಾತೆಯಲ್ಲಿ ದುಡ್ಡು ಕಡಿಮೆ ಇದೆ ಅಂತ ನನ್ನ ಕೈಲಿ 3 ಲಕ್ಷ ಹಾಕಿಸಿದ. ಡಿಸೆಂಬರ್‌ನಲ್ಲಿ ಪಾಸ್‌ಪೋರ್ಟ್ ವಾಪಸ್ ಬಂತು, ಒಳಗೆ ಒಂದು ಹಾಳೆ. ಎರಡು ಕಡೆ ಗುರುತು ಹಾಕಿದ್ದಾರೆ. ಪ್ರಯಾಣದ ಉದ್ದೇಶದ ಬಗ್ಗೆ ಕೊಟ್ಟ ಮಾಹಿತಿ ನಂಬುವ ಹಾಗಿಲ್ಲ ಅಂತ ಒಂದು. ವೀಸಾ ಮುಗಿಯೋದರೊಳಗೆ ವಾಪಸ್ ಹೋಗ್ತಾರಾ ಅನ್ನೋ ಅನುಮಾನ ಇದೆ ಅಂತ ಇನ್ನೊಂದು.

ಅವ್ವ ಆ ಹಾಳೆ ಹಿಡ್ಕೊಂಡು "ಏನ್ ಬರದಾರ?" ಅಂತ ಕೇಳಿದರು. ನೀನು ವಾಪಸ್ ಬರಲ್ಲ ಅಂತ ಅವರಿಗೆ ಅನುಮಾನ ಅಂತೆ ಅಂದೆ. "ಕಾಲುವಿಗೆ ನೀರು ಬಿಡೋದ್ರೊಳಗ ನಾ ಬರದಿದ್ರ ಸಸಿ ಮಡಿ ಯಾರ್ ಹಾಕ್ತಾರ?" ಅಂದು ಒಳಗೆ ಹೋದರು. ಅವತ್ತು ರಾತ್ರಿ ಊಟ ಮಾಡಲಿಲ್ಲ.

ಮತ್ತೆ ಅರ್ಜಿ ಹಾಕಬಹುದಾ? ಒಮ್ಮೆ ರಿಜೆಕ್ಟ್ ಆದರೆ ಬ್ಯಾನ್ ಆಗುತ್ತಾ? ಆ 3 ಲಕ್ಷ ಏನು ಮಾಡಲಿ? ಗೊತ್ತಿದ್ದವರು ಹೇಳಿ.

ಹತ್ತಿ ಹೊಲ (ರಾಯಚೂರು)

ಬ್ಯಾನ್ ಏನೂ ಇಲ್ಲ ಅಣ್ಣ. ನಾಳೆಯೇ ಬೇಕಾದರೂ ಹೊಸ ಅರ್ಜಿ ಹಾಕಬಹುದು. ಕಟ್ಟಿದ ಫೀ ಮಾತ್ರ ವಾಪಸ್ ಬರಲ್ಲ.

ಹೊಲಿಗೆ ಮಷೀನ್ (ಬಳ್ಳಾರಿ)

3 ಲಕ್ಷದ ವಿಷಯ ನಾನು ಹೇಳ್ತೀನಿ, ನಾನೇ ಅನುಭವಿಸಿದ್ದು. ನಮ್ಮದು ಜೀನ್ಸ್ ಹೊಲಿಯೋ ಯೂನಿಟ್. ಬಟ್ಟೆ ಮಷೀನ್‌ಗಳ ಪ್ರದರ್ಶನ ನೋಡೋಕೆ ಯುರೋಪಿಗೆ ಹೋಗಬೇಕಿತ್ತು. ಅರ್ಜಿಗೆ ಒಂದು ವಾರ ಮುಂಚೆ ಮಾವನ ಹತ್ತಿರ 5 ಲಕ್ಷ ತಂದು ಖಾತೆಗೆ ಹಾಕಿದೆ. ರಿಜೆಕ್ಟ್. ಸ್ಟೇಟ್‌ಮೆಂಟ್ ನೋಡುವವರು ಕೊನೆಯ ಸಾಲು ಮಾತ್ರ ನೋಡಲ್ಲ. ತಿಂಗಳು ತಿಂಗಳು ಏನು ಬಂತು, ಏನು ಹೋಯ್ತು ಅಂತ ನೋಡ್ತಾರೆ. ಇಪ್ಪತ್ತು ಸಾವಿರ ಓಡಾಡೋ ಖಾತೆಗೆ ಒಂದೇ ದಿನ 5 ಲಕ್ಷ ಬಿದ್ದರೆ ಯಾರಿಗಾದರೂ ಕಾಣುತ್ತೆ ಅಲ್ವಾ? ಎರಡನೇ ಸಲ ಇದ್ದ ಖಾತೆ ಇದ್ದ ಹಾಗೆ ಕೊಟ್ಟೆ. ಜಿಎಸ್‌ಟಿ ಕಾಗದ, ಎರಡು ವರ್ಷದ ರಿಟರ್ನ್, ಯೂನಿಟ್ ಬಾಡಿಗೆ ಕರಾರು ಇಟ್ಟೆ. ಸಿಕ್ಕಿತು.

ಕೋಟೆ ಕೆಳಗಿನ ಮನೆ (ಬಳ್ಳಾರಿ)

ಅವ್ವನವರದು 10ನೇ ಕ್ಲಾಸ್ ಪಾಸ್ ಆಗಿಲ್ಲ ಅಂದ್ರೆ ವೀಸಾ ಬಂದರೂ ಏರ್‌ಪೋರ್ಟ್‌ನಲ್ಲಿ ಎಮಿಗ್ರೇಷನ್ ಕ್ಲಿಯರೆನ್ಸ್ (ದೇಶ ಬಿಟ್ಟು ಹೋಗೋಕೆ ನಮ್ಮ ಸರ್ಕಾರದ ಒಪ್ಪಿಗೆ) ಕೇಳ್ತಾರೆ. ಅದನ್ನೂ ನೋಡಿಕೊಳ್ಳಿ.

ಸಿಂಧನೂರು ಮೇಷ್ಟ್ರು

ಮೇಲಿನವರು ಹೇಳಿದ್ದು ಇಲ್ಲಿ ಅನ್ವಯ ಆಗಲ್ಲ. ಆ ಕ್ಲಿಯರೆನ್ಸ್ 18 ದೇಶಗಳಿಗೆ ಕೆಲಸಕ್ಕೆ ಹೋಗುವವರಿಗೆ ಮಾತ್ರ. ಹೆಚ್ಚಾಗಿ ಗಲ್ಫ್ ಕಡೆಯ ದೇಶಗಳು. ಜರ್ಮನಿ ಆ ಪಟ್ಟಿಯಲ್ಲೇ ಇಲ್ಲ. 50 ವರ್ಷ ದಾಟಿದವರಿಗೆ ಆ ನಿಯಮವೂ ಇಲ್ಲ. ಅವರ ತಾಯಿಗೆ 58. ಹೆದರಿಸಬೇಡಿ.

ಕೋಟೆ ಕೆಳಗಿನ ಮನೆ (ಬಳ್ಳಾರಿ)

ಸರಿ ಮೇಷ್ಟ್ರೇ, ನಮ್ಮ ಚಿಕ್ಕಪ್ಪ ಕುವೈತ್‌ಗೆ ಕೆಲಸಕ್ಕೆ ಹೋಗುವಾಗ ಆಗಿದ್ದು ಅದು. ತಪ್ಪಾಯ್ತು.

ಮ್ಯೂನಿಕ್‌ನಲ್ಲಿರುವ ರಾಯಚೂರಿನವಳು

ನನ್ನ ಮಗ ಹುಟ್ಟಿದಾಗ ನಮ್ಮವ್ವ ಬಂದು 80 ದಿನ ಇದ್ದು ಹೋದರು. ಅವರೂ ಒಕ್ಕಲುತನದ ಮನೆಯವರು, ಇಂಗ್ಲಿಷ್ ಬರಲ್ಲ. ಅದಕ್ಕೆ ಸ್ವಲ್ಪ ಬಿಡಿಸಿ ಬರೀತೀನಿ.

ಮೊದಲು, ಬಾಣಂತನ ಅಂತ ಬರೆದರೆ ಕೊಡಲ್ಲ ಅನ್ನೋದು ಸುಳ್ಳು. ಅರ್ಜಿಯಲ್ಲಿ ಉದ್ದೇಶ ಬರೆಯುವ ಕಡೆ 'ಕುಟುಂಬ ಅಥವಾ ಸ್ನೇಹಿತರ ಭೇಟಿ' ಅಂತಲೇ ಒಂದು ಆಯ್ಕೆ ಇದೆ. ಮಗಳ ಹೆರಿಗೆಗೆ ತಾಯಿ ಬರ್ತಾರೆ ಅನ್ನೋದು ಅವರಿಗೂ ಅರ್ಥ ಆಗುತ್ತೆ. ಮಗಳು ಇರೋದನ್ನು ಬಿಟ್ಟು ಹೋಟೆಲ್ ತೋರಿಸಿದ್ದೇ ನಿಮಗೆ ಹೊಡೆತ ಕೊಟ್ಟಿದೆ.

ಎರಡನೇದು, ಖರ್ಚು. ಇಲ್ಲಿ ನಿಮ್ಮ ತಂಗಿಯ ಊರಿನ ವಿದೇಶಿಯರ ಕಚೇರಿಗೆ ಹೋಗಿ ತಂಗಿಯೋ ಅವಳ ಗಂಡನೋ ಒಂದು ಹೊಣೆಪತ್ರಕ್ಕೆ ಸಹಿ ಮಾಡಬೇಕು. ಜರ್ಮನ್‌ನಲ್ಲಿ ಅದಕ್ಕೆ ಫೆರ್‌ಫ್ಲಿಖ್‌ಟುಂಗ್ಸ್‌ಎರ್‌ಕ್ಲೇರುಂಗ್ ಅಂತಾರೆ. ಅವ್ವ ಇಲ್ಲಿ ಇರುವಷ್ಟು ದಿನದ ಊಟ, ವಸತಿ, ಆಸ್ಪತ್ರೆ ಖರ್ಚು ನಮ್ಮದು ಅಂತ ಸರ್ಕಾರಕ್ಕೆ ಬರೆದುಕೊಡೋದು. ಫೀ 29 ಯೂರೋ. ಸಂಬಳದ ಚೀಟಿ, ಮನೆ ಬಾಡಿಗೆ ಕರಾರು ನೋಡ್ತಾರೆ. ಅದರ ಮೂಲ ಪ್ರತಿಯನ್ನೇ ಕೊರಿಯರ್‌ನಲ್ಲಿ ಗಂಗಾವತಿಗೆ ಕಳಿಸಬೇಕು, ವಾಟ್ಸಾಪ್ ಫೋಟೋ ನಡೆಯಲ್ಲ. ಅದು ಇದ್ದರೆ ಅವ್ವನ ಖಾತೆಯಲ್ಲಿ ಲಕ್ಷ ಲಕ್ಷ ಇರಬೇಕು ಅಂತ ಇಲ್ಲ. ಆ ಕಚೇರಿಯಲ್ಲಿ ಅಪಾಯಿಂಟ್‌ಮೆಂಟ್ ಸಿಗೋಕೆ ವಾರಗಟ್ಟಲೆ ಆಗಬಹುದು. ತಂಗಿಗೆ ಇವತ್ತೇ ಹೇಳಿ.

ಮೂರನೇದು, ಇಲ್ಲಿ ಬಸುರಿಯರಿಗೆ ಮುಟ್ಟರ್‌ಪಾಸ್ ಅಂತ ಒಂದು ಪುಟ್ಟ ಪುಸ್ತಕ ಕೊಡ್ತಾರೆ. ನಮ್ಮ ತಾಯಿ ಕಾರ್ಡ್ ಇದ್ದ ಹಾಗೆ. ಹೆರಿಗೆ ದಿನ ಬರೆದಿರುವ ಪುಟದ ಪ್ರತಿ ಇಡಿ. ತಂಗಿಯ ಪಾಸ್‌ಪೋರ್ಟ್ ಮತ್ತು ರೆಸಿಡೆನ್ಸ್ ಪರ್ಮಿಟ್ ಪ್ರತಿ, ಅವಳೇ ಬರೆದ ಆಮಂತ್ರಣ ಪತ್ರ ಕೂಡ.

ಭತ್ತದ ಗದ್ದೆ (ಗಂಗಾವತಿ)

ಅಕ್ಕ, ತುಂಬಾ ಥ್ಯಾಂಕ್ಸ್. ಹೊಣೆಪತ್ರದ ವಿಷಯ ಆ ಏಜೆಂಟ್ ಬಾಯೇ ಬಿಟ್ಟಿರಲಿಲ್ಲ. ತಂಗಿಗೆ ಈಗಲೇ ಫೋನ್ ಮಾಡಿದೆ.

ಹತ್ತಿ ಹೊಲ (ರಾಯಚೂರು)

ಬೆಂಗಳೂರಿಗೆ ಹೋಗೋ ಬದಲು ಹೈದರಾಬಾದ್‌ನಲ್ಲಿ ಕೊಡಿ. ನಮ್ಮ ಕಡೆಯಿಂದ ಹತ್ತಿರ, ಬಸ್ಸೂ ಜಾಸ್ತಿ.

ಹೊಲಿಗೆ ಮಷೀನ್ (ಬಳ್ಳಾರಿ)

ಹಾಗೆ ಹೇಳಬೇಡಿ. ಯಾವ ಕಾನ್ಸುಲೇಟ್ (ಆ ದೇಶದ ರಾಯಭಾರ ಕಚೇರಿ) ವ್ಯಾಪ್ತಿಗೆ ನಮ್ಮ ಜಿಲ್ಲೆ ಬರುತ್ತೆ ಅಂತ ಮೊದಲು ನೋಡಬೇಕು. ಜರ್ಮನಿಗೆ ಕರ್ನಾಟಕ, ಕೇರಳ ಎರಡಕ್ಕೂ ಬೆಂಗಳೂರಿನ ಕಾನ್ಸುಲೇಟ್ ಇದೆ. ಹತ್ತಿರ ಅಂತ ಹೋಗಿ ಕೌಂಟರ್‌ನಲ್ಲಿ ವಾಪಸ್ ಕಳಿಸಿದರೆ ಆ ಅವ್ವನಿಗೆ ಎರಡು ಓಡಾಟ. ಇನ್ನೊಂದು ಮಾತು, ವಿಎಫ್‌ಎಸ್ ಅನ್ನೋದು ಅರ್ಜಿ ತಗೊಳ್ಳೋ ಖಾಸಗಿ ಕಂಪನಿ, ಆ ಕೇಂದ್ರದವರು ಕಾಗದ ಮತ್ತು ಬೆರಳಚ್ಚು ತಗೊಂಡು ಮುಂದಕ್ಕೆ ಕಳಿಸ್ತಾರೆ ಅಷ್ಟೇ. ಕೊಡಬೇಕೋ ಬೇಡವೋ ಅನ್ನೋದು ಕಾನ್ಸುಲೇಟ್ ತೀರ್ಮಾನ. "ಒಳಗೆ ನಮ್ಮವರು ಇದ್ದಾರೆ" ಅನ್ನುವವರಿಗೆ ಒಂದು ರೂಪಾಯಿ ಕೊಡಬೇಡಿ.

ಗವಿಮಠದ ಬೀದಿ (ಕೊಪ್ಪಳ), ಜನವರಿ 9

ಜಾತ್ರೆ ಗದ್ದಲದಲ್ಲಿದ್ದೆ, ಈಗ ಓದಿದೆ. ರಿಜೆಕ್ಟ್ ಆದದ್ದಕ್ಕೆ ಅಪೀಲ್ ಹಾಕಿ. ಒಂದು ತಿಂಗಳೊಳಗೆ ಪತ್ರ ಬರೆದರೆ ಮತ್ತೆ ನೋಡ್ತಾರೆ, ಫೀ ಇಲ್ಲ. ನಮ್ಮ ಭಾವನಿಗೆ ಹಾಗೇ ಸಿಕ್ಕಿತ್ತು.

ಮ್ಯೂನಿಕ್‌ನಲ್ಲಿರುವ ರಾಯಚೂರಿನವಳು

ಅದು ಮುಂಚೆ ಇತ್ತು. 2025ರ ಜುಲೈ 1ರಿಂದ ಜರ್ಮನಿ ಆ ಮರುಪರಿಶೀಲನೆ ದಾರಿ ಮುಚ್ಚಿದೆ. ಈಗ ಬರ್ಲಿನ್ ಆಡಳಿತ ನ್ಯಾಯಾಲಯಕ್ಕೆ ಹೋಗಬೇಕು, ಇಲ್ಲ ಹೊಸ ಅರ್ಜಿ ಹಾಕಬೇಕು. ಕೋರ್ಟ್ ತೀರ್ಪು ಬರೋ ಹೊತ್ತಿಗೆ ಮಗು ನಡೆದಾಡ್ತಿರುತ್ತೆ. ಹೊಸ ಅರ್ಜಿಯೇ ಸರಿ.

ಗವಿಮಠದ ಬೀದಿ (ಕೊಪ್ಪಳ)

ಹೌದಾ? ಭಾವನದು 2023ರಲ್ಲಿ. ಗೊತ್ತಿರಲಿಲ್ಲ, ಒಳ್ಳೇದಾಯ್ತು ಹೇಳಿದ್ದು.

ಹಾಗಾದರೆ ಹೊಸ ಅರ್ಜಿಯಲ್ಲಿ ಹಳೇ ರಿಜೆಕ್ಟ್ ವಿಷಯ ಎತ್ತೋದು ಬೇಡ ಅನಿಸುತ್ತೆ. ಸುಮ್ನೆ ಅನುಮಾನ ಯಾಕೆ?

ಸಿಂಧನೂರು ಮೇಷ್ಟ್ರು

ಎತ್ತಲೇಬೇಕು. ಜರ್ಮನಿಯೂ ಸೇರಿ ಒಂದೇ ವೀಸಾ ನಡೆಯುವ ಯುರೋಪಿನ ಷೆಂಗೆನ್ ದೇಶಗಳು ಈಗ 29. ಎಲ್ಲಕ್ಕೂ ಸೇರಿ ಒಂದೇ ಕಂಪ್ಯೂಟರ್ ದಾಖಲೆ ಇದೆ, ರಿಜೆಕ್ಟ್ ಆದದ್ದೂ ಅದರಲ್ಲಿ 5 ವರ್ಷ ಇರುತ್ತೆ. ಮುಚ್ಚಿಟ್ಟರೂ ಅವರಿಗೆ ಕಾಣುತ್ತೆ. ಜೊತೆಯ ಪತ್ರದಲ್ಲಿ ನೇರವಾಗಿ ಬರೆಯಿರಿ: ಏಜೆಂಟ್ ಮಾತು ಕೇಳಿ ಟೂರಿಸ್ಟ್ ಅಂತ ಹಾಕಿದ್ದು ತಪ್ಪು, ನಿಜವಾದ ಕಾರಣ ಮಗಳ ಹೆರಿಗೆ, ಖಾತೆಯಲ್ಲಿ ಬಿದ್ದ 3 ಲಕ್ಷ ಮಗ ಹಾಕಿದ್ದು, ಅದನ್ನು ವಾಪಸ್ ತೆಗೆದಿದ್ದೇವೆ. ನಾಲ್ಕು ಸಾಲು ಸಾಕು.

ಕಾಲುವೆ ನೀರು (ಕಾರಟಗಿ)

ಎಲ್ಲರೂ ಖಾತೆ ಖಾತೆ ಅಂತಿದ್ದೀರಿ. ನಮ್ಮ ಹೆಣ್ಮಕ್ಕಳ ದುಡ್ಡು ಖಾತೆಯಲ್ಲಿ ಎಲ್ಲಿರುತ್ತೆ? ಭತ್ತ ಮಾರಿದ ದುಡ್ಡು ಗೊಬ್ಬರದ ಅಂಗಡಿಗೆ, ನಾಟಿ ಕೂಲಿಗೆ, ಚೀಟಿಗೆ ಹೋಗುತ್ತೆ. ಆದಾಯ ತೆರಿಗೆ ರಿಟರ್ನ್ ಕೇಳಿದರೆ ಎಲ್ಲಿಂದ ತರೋದು?

ಹೊಲಿಗೆ ಮಷೀನ್ (ಬಳ್ಳಾರಿ)

ತೆರಿಗೆ ಸೊನ್ನೆ ಅಂತ ಒಂದು ನಿಲ್ ರಿಟರ್ನ್ ಹಾಕಿಸಿಬಿಡಿ, ಆಗುತ್ತೆ.

ಕಾಲುವೆ ನೀರು (ಕಾರಟಗಿ)

ಅದೇ ಬೇಡ ಅಂತಿರೋದು ನಾನು. ಕೃಷಿ ಆದಾಯಕ್ಕೆ ನಮ್ಮ ದೇಶದಲ್ಲಿ ಆದಾಯ ತೆರಿಗೆ ಇಲ್ಲ. ಇರದಿದ್ದದ್ದನ್ನು ಹೊಸದಾಗಿ ಸೃಷ್ಟಿ ಮಾಡೋದು ಯಾಕೆ? ಇರೋದನ್ನು ತೋರಿಸೋಣ. ಭೂಮಿ ಪೋರ್ಟಲ್‌ನಿಂದ ಪಹಣಿ, ನಾಡಕಚೇರಿಯಿಂದ ಆದಾಯ ಪ್ರಮಾಣ ಪತ್ರ, ಎರಡು ಮೂರು ವರ್ಷ ಭತ್ತ ಮಾರಿದ ಪಟ್ಟಿ. ದಲಾಲಿ ಅಂಗಡಿಯವರ ಹತ್ತಿರ ಹಳೇ ಪಟ್ಟಿ ಸಿಗುತ್ತೆ, ಕೇಳಿ. ಸೊಸೈಟಿ ಬೆಳೆ ಸಾಲ ಇದ್ದರೆ ಆ ಪಾಸ್‌ಬುಕ್ಕೂ ಇಡಿ. ಸಾಲ ಇದೆ ಅಂದರೆ ಮರ್ಯಾದೆ ಕಡಿಮೆ ಅಂದುಕೊಳ್ಳಬೇಡಿ. ಊರಲ್ಲಿ ಹೊಲ ಇದೆ, ಸಾಲ ಇದೆ, ವರ್ಷ ವರ್ಷ ತೀರಿಸಿದ ಲೆಕ್ಕ ಇದೆ ಅಂದ್ರೆ ಈ ಹೆಣ್ಮಗಳು ವಾಪಸ್ ಬರ್ತಾಳೆ ಅಂತಲೇ ಅರ್ಥ.

ಮ್ಯೂನಿಕ್‌ನಲ್ಲಿರುವ ರಾಯಚೂರಿನವಳು

ಈ ಮಾತಿಗೆ ನೂರಕ್ಕೆ ನೂರು ಒಪ್ಪಿದೆ. ಎಲ್ಲಾ ಕನ್ನಡ ಕಾಗದಕ್ಕೂ ಇಂಗ್ಲಿಷ್ ಅನುವಾದ ಜೊತೆಗಿಡಿ. ಪಹಣಿಯಲ್ಲಿ ಹೆಸರಿನ ಕಾಲಂ, ಎಕರೆ-ಗುಂಟೆ, ಬೆಳೆಯ ಹೆಸರು, ಈ ಮೂರೂ ಓದುವ ಹಾಗಿರಲಿ.

ಮತ್ತೆ ಭತ್ತದ ಗದ್ದೆಯವರೇ, ನಿಮ್ಮ ಮೊದಲ ಪೋಸ್ಟ್ ಇನ್ನೊಮ್ಮೆ ಓದಿ ನೋಡಿ. "ಕಾಲುವಿಗೆ ನೀರು ಬಿಡೋದ್ರೊಳಗ ನಾ ಬರದಿದ್ರ" ಅಂತ ಅವ್ವ ಹೇಳಿದ ಮಾತು. ಅವರಿಗೆ ಬೇಕಾದ ಉತ್ತರ ಅದೇ. ಅದನ್ನೇ ಅವ್ವನ ಪತ್ರದಲ್ಲಿ ಬರೆಯಿರಿ. ತುಂಗಭದ್ರಾ ಎಡದಂಡೆ ಕಾಲುವೆ, ಮುಂಗಾರು ಬೆಳೆ, ಸಸಿ ಮಡಿ ಯಾವಾಗ, ನಾಟಿ ಯಾವಾಗ, ಅದಕ್ಕೆ ಯಾವ ತಾರೀಖಿಗೆ ವಾಪಸ್. ಪತ್ರ ಏಜೆಂಟ್ ಭಾಷೆಯಲ್ಲಿ ಬೇಡ. ಅವ್ವ ಹೇಳಲಿ, ನೀವು ಬರೆಯಿರಿ, ಕೆಳಗೆ ಅವ್ವ ಕನ್ನಡದಲ್ಲೇ ಸಹಿ ಮಾಡಲಿ.

ಭತ್ತದ ಗದ್ದೆ (ಗಂಗಾವತಿ), ಜನವರಿ 12

ನಿನ್ನೆ ರಾತ್ರಿ ಕೂತು ಬರೆದೆವು. ಅವ್ವ ಹೇಳ್ತಾ ಹೋದರು, ನಾನು ಬರೆದೆ. ಎರಡು ಎಮ್ಮೆ ಇವೆ ಅನ್ನೋದನ್ನೂ ಹಾಕು ಅಂದರು. ಹಾಕಿದೆ. 3 ಲಕ್ಷ ನನ್ನ ಖಾತೆಗೆ ವಾಪಸ್ ತಗೊಂಡೆ.

ಏಪ್ರಿಲ್ 10ಕ್ಕೆ ಹೋಗಿ ಮೂರು ತಿಂಗಳು ಇದ್ದು ಜುಲೈ 10ಕ್ಕೆ ಬರೋದು ಅಂತ ಹಾಕ್ತಾ ಇದ್ದೀವಿ. ಸರಿನಾ?

ಸಿಂಧನೂರು ಮೇಷ್ಟ್ರು

ನಿಲ್ಲಿಸಿ. ಮೂರು ತಿಂಗಳು ಬೇರೆ, 90 ದಿನ ಬೇರೆ. 180 ದಿನದ ಒಳಗೆ 90 ದಿನ ಅನ್ನೋದು ನಿಯಮ. ಇಳಿದ ದಿನವೂ ಲೆಕ್ಕ, ಹೊರಟ ದಿನವೂ ಲೆಕ್ಕ. ಏಪ್ರಿಲ್ 10ರಿಂದ 30ರವರೆಗೆ 21, ಮೇ 31, ಜೂನ್ 30, ಅಲ್ಲಿಗೆ 82. ಜುಲೈ 10 ಅಂದರೆ 92 ಆಯ್ತು. ಎರಡು ದಿನ ಜಾಸ್ತಿ. ಜುಲೈ 3ಕ್ಕೆ ಹೊರಟರೆ 85. ಅಂಚಿಗೆ ಹೋಗಬೇಡಿ, ವಿಮಾನ ರದ್ದಾದರೂ ಕೈಯಲ್ಲಿ ನಾಲ್ಕು ದಿನ ಇರಲಿ.

ಕೋಟೆ ಕೆಳಗಿನ ಮನೆ (ಬಳ್ಳಾರಿ)

ಅಲ್ಲಿಗೆ ಹೋದ ಮೇಲೆ ಇನ್ನು ಮೂರು ತಿಂಗಳು ಮುಂದುವರಿಸಿಕೊಳ್ಳಬಹುದು ಅಂತ ಕೇಳಿದ್ದೀನಿ?

ಮ್ಯೂನಿಕ್‌ನಲ್ಲಿರುವ ರಾಯಚೂರಿನವಳು

ಆಸ್ಪತ್ರೆಗೆ ಸೇರಿದರು, ಅಂಥ ತುರ್ತು ಕಾರಣ ಇದ್ದರೆ ಮಾತ್ರ. ಮಗು ಇನ್ನೂ ಚಿಕ್ಕದು ಅಂತ ಕೊಡಲ್ಲ. ದಿನ ಮೀರಿ ಉಳಿದರೆ ಮುಂದಿನ ವೀಸಾಗೆ ಕಲ್ಲು ಬೀಳುತ್ತೆ.

ಹತ್ತಿ ಹೊಲ (ರಾಯಚೂರು)

ಟಿಕೆಟ್ ಈಗಲೇ ತಗೊಳ್ಳಬೇಡಿ ಅಣ್ಣ, ಬರೀ ರಿಸರ್ವೇಷನ್ ಸಾಕು. ಇನ್ಶೂರೆನ್ಸ್ ಮಾತ್ರ ಕಡ್ಡಾಯ. ಕನಿಷ್ಠ 30,000 ಯೂರೋ, ಎಲ್ಲಾ ಷೆಂಗೆನ್ ದೇಶಕ್ಕೂ, ಇರುವ ಅಷ್ಟೂ ದಿನಕ್ಕೂ. ಶುಗರ್, ಬಿಪಿ ಇದ್ದರೆ ಅದು ಪಾಲಿಸಿಯಲ್ಲಿ ಬರುತ್ತಾ ಅಂತ ಕೇಳಿ. ಅವ್ವ ಅಲ್ಲಿಂದ ವಾಪಸ್ ಹೊರಡುವ ದಿನದಿಂದ ಮೂರು ತಿಂಗಳು ಮುಂದಕ್ಕೆ ಪಾಸ್‌ಪೋರ್ಟ್ ಚಾಲ್ತಿಯಲ್ಲಿರಬೇಕು, ಎರಡು ಖಾಲಿ ಪುಟ ಬೇಕು.

ಕೋಟೆ ಕೆಳಗಿನ ಮನೆ (ಬಳ್ಳಾರಿ)

ಹೆಸರಿನ ಅಕ್ಷರವನ್ನೂ ನೋಡಿ. ನಮ್ಮ ಅಕ್ಕನ ಪಾಸ್‌ಪೋರ್ಟ್ ಕೊನೆ ಪುಟದಲ್ಲಿ ತಾಯಿ ಹೆಸರು ಒಂದು ರೀತಿ, ತಾಯಿಯ ಪಾಸ್‌ಪೋರ್ಟ್‌ನಲ್ಲಿ ಇನ್ನೊಂದು ರೀತಿ. ತಾಯಿ ಮಗಳು ಅನ್ನೋಕೆ ಅದೇ ಸಾಕ್ಷಿ ಅಲ್ವಾ? ಕೊನೆಗೆ ಎರಡೂ ಹೆಸರು ಒಬ್ಬರದೇ ಅಂತ ಅಫಿಡವಿಟ್ ಮಾಡಿಸಿದೆವು. ನಮ್ಮೂರಿನ ಹೆಸರಿನದೂ ಅದೇ ಪಾಡು. 2014ರ ನವೆಂಬರ್ 1ಕ್ಕೆ ಇಂಗ್ಲಿಷ್‌ನಲ್ಲಿ ಬೆಲ್ಲಾರಿ ಹೋಗಿ ಬಳ್ಳಾರಿ ಆಯ್ತು. ಹಳೇ ಕಾಗದದಲ್ಲಿ ಒಂದು, ಹೊಸದರಲ್ಲಿ ಒಂದು.

ಹೊಲಿಗೆ ಮಷೀನ್ (ಬಳ್ಳಾರಿ)

ಹೊಸಪೇಟೆಯವರನ್ನು ಕೇಳಿ. 2021ರಲ್ಲಿ ಜಿಲ್ಲೆಯೇ ಬದಲಾಗಿ ವಿಜಯನಗರ ಆಯ್ತು. ಆಧಾರ್‌ನಲ್ಲಿ ಬಳ್ಳಾರಿ ಜಿಲ್ಲೆ, ಪಹಣಿಯಲ್ಲಿ ವಿಜಯನಗರ. ನನ್ನ ಪಾಲುದಾರ ಪತ್ರದಲ್ಲೇ ಒಂದು ಸಾಲು ವಿವರಣೆ ಬರೆದ, ಏನೂ ತೊಂದರೆ ಆಗಲಿಲ್ಲ.

ಕಾಲುವೆ ನೀರು (ಕಾರಟಗಿ)

ಬೆರಳಚ್ಚಿನ ವಿಷಯ ಯಾರೂ ಹೇಳಲಿಲ್ಲ. ಕಳೆ ಕಿತ್ತು, ನಾಟಿ ಮಾಡಿ ನಮ್ಮ ಹೆಣ್ಮಕ್ಕಳ ಬೆರಳ ಗೆರೆ ಸವೆದಿರುತ್ತೆ. ರೇಷನ್ ಅಂಗಡಿ ಮಷೀನ್‌ನಲ್ಲೇ ನಾಲ್ಕು ಸಲ ಒತ್ತಿದರೂ ಬರಲ್ಲ. ನಮ್ಮ ಚಿಕ್ಕಮ್ಮನ ಕೈ ಹಾಗೇ ಇತ್ತು. ಕೊಡಲಿ ಹಿಡಿದು ಹಿಡಿದು ಹೆಬ್ಬೆರಳೆಲ್ಲ ನುಣ್ಣಗೆ, ಗೆರೆಯೇ ಇಲ್ಲ. ಒಂದು ವಾರ ಮುಂಚಿನಿಂದ ರಾತ್ರಿ ಮಲಗುವಾಗ ಕೊಬ್ಬರಿ ಎಣ್ಣೆ ಹಚ್ಚಿ, ಗದ್ದೆ ಕೆಲಸ, ಪಾತ್ರೆ ಸೋಪು ಬಿಡಿಸಿ. ಹೋಗುವ ದಿನ ಕೈ ಒರೆಸಿಕೊಂಡು ಹೋಗಲಿ, ಎಣ್ಣೆ ಜಿಡ್ಡು ಇರಬಾರದು.

ಭತ್ತದ ಗದ್ದೆ (ಗಂಗಾವತಿ)

ನಮ್ಮದು ಡಿಸೆಂಬರ್‌ಗೆ ಮುಂಚೆ ಕೊಟ್ಟಾಗಲೂ ಎಡಗೈ ಬೆರಳು ತುಂಬಾ ಹೊತ್ತು ಬಂದಿರಲಿಲ್ಲ. ಮತ್ತೆ ಕೊಡಬೇಕಾ?

ಸಿಂಧನೂರು ಮೇಷ್ಟ್ರು

ಒಮ್ಮೆ ಕೊಟ್ಟ ಬೆರಳಚ್ಚು 59 ತಿಂಗಳು ನಡೆಯುತ್ತೆ. ಆದರೂ ಸರಿ ಬಂದಿಲ್ಲ ಅಂದರೆ ಮತ್ತೆ ಕೇಳಬಹುದು. ಅವ್ವನನ್ನು ಕರೆದುಕೊಂಡೇ ಹೋಗಿ.

ಭತ್ತದ ಗದ್ದೆ (ಗಂಗಾವತಿ), ಫೆಬ್ರವರಿ 11

ಹೊಣೆಪತ್ರ ಬಂತು. ಮೊನ್ನೆ ಹೊಸಪೇಟೆಯಿಂದ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಹೋಗಿ ಅರ್ಜಿ ಕೊಟ್ಟು ಬಂದೆವು. ಫೀ 90 ಯೂರೋ, ರೂಪಾಯಿಯಲ್ಲಿ ಕಟ್ಟಿದೆವು, ಸರ್ವಿಸ್ ಚಾರ್ಜ್ ಬೇರೆ. ಬೆರಳಚ್ಚು ಮತ್ತೆ ತಗೊಂಡರು. ಈ ಸಲ ಹತ್ತೂ ಬೆರಳು ಬಂತು. ಕೌಂಟರ್‌ನ ಹುಡುಗಿ ಕನ್ನಡದಲ್ಲೇ "ಯಾಕಮ್ಮ ಹೋಗ್ತಿದ್ದೀರಿ?" ಅಂತ ಕೇಳಿದಳು. "ಮಗಳ ಬಾಣಂತನಕ್ಕ" ಅಂದರು ಅವ್ವ. ಹೋದ ಸಲ ಏನು ಹೇಳಬೇಕು ಅಂತ ಏಜೆಂಟ್ ಕಂಠಪಾಠ ಮಾಡಿಸಿದ್ದ, ಅವ್ವ ಪೂರ್ತಿ ನಡುಗಿದ್ದರು.

ಮ್ಯೂನಿಕ್‌ನಲ್ಲಿರುವ ರಾಯಚೂರಿನವಳು

ಸಾಮಾನ್ಯವಾಗಿ 15 ದಿನ. ಹೆಚ್ಚಿಗೆ ಕಾಗದ ನೋಡಬೇಕು ಅಂದರೆ 45 ದಿನದವರೆಗೂ ಹೋಗಬಹುದು. ನಿಮಗೆ ಸಮಯ ಇದೆ.

ಗವಿಮಠದ ಬೀದಿ (ಕೊಪ್ಪಳ)

ಅಷ್ಟರಲ್ಲಿ ಅಂಟಿನ ಉಂಡೆ, ತುಪ್ಪ ಎಲ್ಲಾ ರೆಡಿ ಮಾಡಿ!

ಮ್ಯೂನಿಕ್‌ನಲ್ಲಿರುವ ರಾಯಚೂರಿನವಳು

ತುಪ್ಪ ತರಬೇಡಿ. ತುಪ್ಪ, ಪೇಡ, ಖೋವಾ, ಹಾಲಿನ ಪದಾರ್ಥ ಯಾವುದನ್ನೂ ಹೊರದೇಶದಿಂದ ಇಲ್ಲಿಗೆ ತರುವ ಹಾಗಿಲ್ಲ, ಹಸಿ ಕರಿಬೇವೂ ಇಲ್ಲ. ಬೆಣ್ಣೆ ಇಲ್ಲೇ ಸಿಗುತ್ತೆ, ಕಾಯಿಸಿಕೊಂಡರೆ ತುಪ್ಪ. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಒಣ ಖಾರ ತನ್ನಿ. ದುಬೈ ಮೇಲೆ ಬರೋದಾದರೆ ಗಸಗಸೆ ಒಂದು ಚೂರೂ ಬೇಡ, ಅಲ್ಲಿ ಅದು ದೊಡ್ಡ ಅಪರಾಧ. ನೇರ ವಿಮಾನ ಬೆಂಗಳೂರಿನಿಂದ ಫ್ರಾಂಕ್‌ಫರ್ಟ್‌ಗೂ ಇದೆ, ಮ್ಯೂನಿಕ್‌ಗೂ ಇದೆ. ಅವ್ವ ಒಬ್ಬರೇ ಬರೋದಾದರೆ ಅದೇ ವಾಸಿ. ಟಿಕೆಟ್ ಮಾಡುವಾಗಲೇ ವೀಲ್‌ಚೇರ್ ಸಹಾಯ ಕೇಳಿ. ಕಾಲು ನೋಯಲಿ ಬಿಡಲಿ, ದಾರಿ ತೋರಿಸೋಕೆ ಒಬ್ಬರು ಜೊತೆಗಿರ್ತಾರೆ.

ಇನ್ನೊಂದು. ಬಾಣಂತಿಗೆ ಲೋಬಾನದ ಹೊಗೆ ಹಾಕೋದು ಇಲ್ಲಿ ಕಷ್ಟ. ಮಲಗುವ ಕೋಣೆಯಲ್ಲೆಲ್ಲ ಹೊಗೆ ಪತ್ತೆ ಮಾಡುವ ಅಲಾರಂ ಕಡ್ಡಾಯ. ನಮ್ಮವ್ವ ಮೊದಲ ದಿನವೇ ಹಾಕಿದರು, ಅದು ಕಿರುಚಿದ್ದಕ್ಕೆ ಕೂಸು ಬೆಚ್ಚಿಬಿತ್ತು.

ಕಾಲುವೆ ನೀರು (ಕಾರಟಗಿ)

ಹೊಗೆ ಇಲ್ಲದೆ ಬಾಣಂತನನಾ? ಬಿಸಿ ನೀರಾದರೂ ಹುಯ್ಯೋಕೆ ಬಿಡ್ತಾರಾ?

ಮ್ಯೂನಿಕ್‌ನಲ್ಲಿರುವ ರಾಯಚೂರಿನವಳು

ಬಿಡ್ತಾರೆ ರೀ. ಸೂಲಗಿತ್ತಿ ಥರ ಹೆಬಾಮೆ ಅಂತ ಒಬ್ಬಾಕೆ ಹೆರಿಗೆ ಆದಮೇಲೆ ಮನೆಗೇ ಬಂದು ನೋಡ್ತಾರೆ, ಖರ್ಚು ಇಲ್ಲಿನ ಆರೋಗ್ಯ ವಿಮೆಯದು. ನಮ್ಮವ್ವ ಕೂಸಿಗೆ ಎಣ್ಣೆ ತೀಡೋದನ್ನು ಆಕೆ ಬಾಗಿಲಲ್ಲಿ ನಿಂತು ನೋಡಿ, ಕೈಸನ್ನೆಯಲ್ಲೇ ಇನ್ನೊಮ್ಮೆ ತೋರಿಸಿ ಅಂದಳು.

ಭತ್ತದ ಗದ್ದೆ (ಗಂಗಾವತಿ), ಫೆಬ್ರವರಿ 27

ಕೊರಿಯರ್ ಬಂತು. ಈ ಸಲ ಒಳಗೆ ಹಾಳೆ ಇಲ್ಲ, ವೀಸಾ ಸ್ಟಿಕ್ಕರ್ ಇದೆ! ತಂಗಿ ಫೋನಲ್ಲಿ ಅತ್ತೇ ಬಿಟ್ಟಳು. ಎಲ್ಲರಿಗೂ ಕೈ ಮುಗೀತೀನಿ.

ಏಪ್ರಿಲ್ 10ರಿಂದ ಜುಲೈ 18ರವರೆಗೆ ಅಂತ ಇದೆ. ಕೇಳಿದ್ದಕ್ಕಿಂತ ಜಾಸ್ತಿನೇ ಕೊಟ್ಟಿದ್ದಾರೆ. ಹಾಗಾದರೆ 18ರವರೆಗೂ ಇರಬಹುದಲ್ವಾ?

ಸಿಂಧನೂರು ಮೇಷ್ಟ್ರು

ಬಹಳ ಸಂತೋಷ. ಆದರೆ ತಡೆಯಿರಿ. ಅದೇ ಸ್ಟಿಕ್ಕರ್‌ನಲ್ಲಿ ದಿನಗಳ ಸಂಖ್ಯೆ ಅಂತ ಬೇರೆ ಇರುತ್ತೆ, ಅದು ಎಷ್ಟಿದೆ?

ಭತ್ತದ ಗದ್ದೆ (ಗಂಗಾವತಿ)

85.

ಸಿಂಧನೂರು ಮೇಷ್ಟ್ರು

ಹಾಗಾದರೆ 85 ದಿನವೇ. ಪ್ರಯಾಣ ಹಿಂದೆ ಮುಂದೆ ಆದರೆ ಇರಲಿ ಅಂತ ತಾರೀಖಿಗೆ 15 ದಿನ ಸೇರಿಸಿರ್ತಾರೆ, ಇರೋಕಲ್ಲ. 10ಕ್ಕೆ ಇಳಿದರೆ ಜುಲೈ 3ಕ್ಕೆ ಹೊರಡಲೇಬೇಕು.

ಭತ್ತದ ಗದ್ದೆ (ಗಂಗಾವತಿ)

ಅವ್ವನಿಗೆ ಓದಿ ಹೇಳಿದೆ. ಗೋಡೆ ಮೇಲಿನ ಕ್ಯಾಲೆಂಡರ್ ತೆಗೆದು ಜುಲೈ ಹಾಳೆ ತಿರುವು ಅಂದರು. 3ನೇ ತಾರೀಖಿನ ಮೇಲೆ ಅವರೇ ಕುಂಕುಮದ ಬೊಟ್ಟು ಇಟ್ಟಿದ್ದಾರೆ.